ಬಣ್ಣ ಹತ್ತದ ಗಾಜು

ಲ್ಯಾಬಿನಲ್ಲಿ ಅವಳು ಎಲ್ಲರಿಗೂ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಡಾಕ್ಟರಮ್ಮನಿಗೂ. ಹನ್ನೊಂದು ವರ್ಷದಲ್ಲಿ ತಾನು ಬಣ್ಣ ಹಾಕಿ ಕೊಟ್ಟ ಒಂದು ಸ್ಲೈಡೂ ವಾಪಸ್ ಬಂದಿಲ್ಲ ಎನ್ನುವ ಹಮ್ಮು ಅಕ್ಕನಿಗೆ ಸಣ್ಣದೇನಲ್ಲ.

ಅವತ್ತಿನ ಸ್ಲೈಡು ಶಾಲಾ ಬಸ್ಸಿನ ಡ್ರೈವರೊಬ್ಬನದು. ಲಿವರಿನಲ್ಲಿ ಗಡ್ಡೆ. ಸೂಜಿ ಹಾಕಿ ತೆಗೆದ ಚೂರು ದಾರದ ತುಂಡಿನಷ್ಟು; ಅದರ ತೆಳು ಪದರವೊಂದು ಗಾಜಿನ ಮೇಲೆ. ಗಡ್ಡೆ ಲಿವರಿನ ಸ್ವಂತ ಕೋಶದಿಂದ ಹುಟ್ಟಿದ್ದೋ, ಪಿತ್ತನಾಳದಿಂದ ಹುಟ್ಟಿದ್ದೋ ಗೊತ್ತಾಗಬೇಕು. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಲಿವರಿನದ್ದೇ ಇರಬೇಕೆಂದು ವಾರ್ಡಿನವರು ಅದರ ಔಷಧಿ ತರಿಸಿಟ್ಟಿದ್ದರು; ಮೊದಲ ಡೋಸು ಮಾರನೇ ಬೆಳಿಗ್ಗೆಯೇ.

ಕೋಶದೊಳಗೆ ಅದನ್ನು ನೆಟ್ಟಗೆ ನಿಲ್ಲಿಸುವ ಕೆರಾಟಿನ್ ಎಳೆಗಳಿರುತ್ತವೆ, ಡೇರೆಯ ಹಗ್ಗಗಳ ಹಾಗೆ. ಪಿತ್ತನಾಳದ ಕೋಶದಲ್ಲಿ ಲಿವರಿನ ಕೋಶಕ್ಕಿಲ್ಲದ ಒಂದು ಜಾತಿಯ ಎಳೆಯಿದೆ. ಕೆಟ್ಟು ಗಡ್ಡೆಯಾದರೂ ಕೋಶ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆ ಎಳೆಯನ್ನೇ ಹುಡುಕಿ ಹಿಡಿಯುವ ದ್ರವದ ಹನಿ ಬಿಟ್ಟರೆ, ಇದ್ದಲ್ಲಿ ಕಂದು ಬಣ್ಣ ಏಳುತ್ತದೆ. ಇಲ್ಲದಿದ್ದರೆ ಬರೀ ನೀಲಿ.

"ನೀಲಿಯೋ ನೀಲಿ," ಅಂದರು ಡಾಕ್ಟರಮ್ಮ, ಸೂಕ್ಷ್ಮದರ್ಶಕದಿಂದ ತಲೆ ಎತ್ತದೆ. "ಪಿತ್ತನಾಳದ್ದಲ್ಲ, ಲಿವರಿನದ್ದೇ. ಬರೆದುಬಿಡ್ತೀನಿ."

"ಒಂದ್ಸಲ ನಾನೂ ಇಣುಕ್ಲಾ?"

"ಏನಕ್ಕಾ, ನನ್ನ ಕುರ್ಚಿ ಮೇಲೇ ಕಣ್ಣಾ?" ನಗುತ್ತಾ ಎದ್ದು ಜಾಗ ಬಿಟ್ಟರು.

ಚೂರಿನ ತುದಿಯಲ್ಲಿ ಗಡ್ಡೆ ಮುಟ್ಟದ ಒಂದಿಷ್ಟು ಒಳ್ಳೆಯ ಲಿವರಿತ್ತು. ಅದರಲ್ಲೊಂದು ಉಂಗುರದಂಥ ಪಿತ್ತನಾಳ. ಅದಂತೂ ಕಂದಾಗಲೇಬೇಕು. ಅದೂ ನೀಲಿ!

ಅಕ್ಕ ಗಾಜನ್ನು ಹೊರಗೆಳೆದಳು. ಸ್ಲೈಡನ್ನು ಬೆಳಕಿಗೆ ಹಿಡಿದಳು. ಹನಿ ಹರಿದುಹೋಗದಿರಲೆಂದು ಚೂರಿನ ಸುತ್ತ ಮೇಣದ ಪೆನ್ನಿನಲ್ಲಿ ಗೆರೆ ಎಳೆಯುವುದು ವಾಡಿಕೆ. ಅರ್ಧ ಅಳಿಸಿದ ಆ ಗೆರೆ ಗಾಜಿನ ಹಿಂಬದಿಯಲ್ಲಿತ್ತು. ಬೆಳಿಗ್ಗೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಮಗಳಿಗೆ ಕಾಲುಚೀಲ ಎಲ್ಲಿದೆಯೆಂದು ಹೇಳುತ್ತಾ, ಗಾಜನ್ನು ಬೋರಲು ಹಾಕಿದ್ದಳು. ಹನಿಯೆಲ್ಲ ಅದರ ಬೆನ್ನಿಗೆ. ಕೊನೆಗೆ ಅದ್ದಿ ತೆಗೆಯುವ ನೀಲಿ ಮಾತ್ರ ಎರಡೂ ಬದಿಗೆ ಹತ್ತಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಹನ್ನೊಂದು ವರ್ಷ ಹನ್ನೆರಡಾಗುತ್ತಿತ್ತು.

"ಬರೀಬೇಡಿ ಡಾಕ್ಟ್ರೇ. ಗಾಜಿನ ಬೆನ್ನಿಗೆ ಸ್ನಾನ ಮಾಡ್ಸಿದೀನಿ."

"ಯಾರು, ನೀವಾ?"

"ನಾನೇ. ಇನ್ನೆರಡು ಪದರ ಕತ್ತರಿಸೋಷ್ಟು ಚೂರು ಉಳಿದಿದೆ. ಈಗಲೇ ಕೂರ್ತೀನಿ."

ಗಂಡನಿಗೆ ಫೋನ್ ಮಾಡಿದಳು. "ಮಗಳನ್ನ ಈಜಿನ ಕ್ಲಾಸಿಂದ ನೀವೇ ಕರ್ಕೊಂಬನ್ನಿ."

"ನಂಗೆ ಮೀಟಿಂಗ್ ಇದೆ ಕಣೇ."

"ನಂಗೆ ಲಿವರ್ ಇದೆ," ಎಂದು ಫೋನಿಟ್ಟಳು.

ಈ ಸಲ ಒಂದೊಂದು ಹನಿಗೂ ಮುಂಚೆ ಗಾಜನ್ನು ಎರಡೆರಡು ಸಲ ತಿರುಗಿಸಿ ನೋಡಿದಳು. ಮೂರು ಗಂಟೆ ಕಳೆದ ಮೇಲೆ ಉಂಗುರ ಕಂದಾಗಿತ್ತು. ಅದರ ಪಕ್ಕದ ಗಡ್ಡೆಯೂ ಅಷ್ಟೇ ಕಡು ಕಂದು.

ಡಾಕ್ಟರಮ್ಮ ವಾರ್ಡಿಗೆ ಫೋನ್ ಮಾಡಿದರು. "ನಾಳೆ ಔಷಧಿ ತಡೀರಿ. ಪಿತ್ತನಾಳದ್ದು. ಹೌದು, ಖಚಿತ." ಆಮೇಲೆ ಕನ್ನಡಕ ಒರೆಸುತ್ತಾ ಕುಳಿತರು. "ಆ ಉಂಗುರ ನಾನೇ ಮೊದ್ಲು ನೋಡ್ಬೇಕಿತ್ತು ಅಕ್ಕಾ."

"ಹೂಂ, ನೋಡ್ಬೇಕಿತ್ತು," ಅಂದಳು ಅಕ್ಕ ಮುಲಾಜಿಲ್ಲದೆ, ಬ್ಯಾಗು ಹೆಗಲಿಗೇರಿಸುತ್ತಾ.