ಐದನೆಯ ಬೋಲ್ಟು

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಕಾಶೀನಾಥ ಮೇಷ್ಟ್ರು ೧೯೭೮ರಲ್ಲಿ ಒಂದು ಹಳೇ ಮಿಲಿಟರಿ ಜೀಪು ಕೊಂಡರು. ಗೋಣಿಬೀಡಿನ ಹತ್ತಿರ ಅವರಿಗೆ ಆರು ಎಕರೆ ಕಾಫಿ ತೋಟವಿತ್ತು. ಜೀಪು ಅದಕ್ಕೆಂದು ಹೇಳುತ್ತಿದ್ದರು. ಅದು ತೋಟದಲ್ಲಿ ಇರುವುದಕ್ಕಿಂತ ಶಂಶುದ್ದೀನನ ಗ್ಯಾರೇಜಿನಲ್ಲಿ ಇರುವುದೇ ಹೆಚ್ಚು ಎಂದು ಅವರ ಹೆಂಡತಿ ಸುಬ್ಬಲಕ್ಷ್ಮಿ ನೆಂಟರ ಮುಂದೆಲ್ಲ ಹೇಳುತ್ತಿದ್ದರು.

ಮರುವರ್ಷದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಗಂಡ ಹೆಂಡತಿ ಕಳಸಕ್ಕೆ ಹೊರಟರು. ಸುಬ್ಬಲಕ್ಷ್ಮಿಯವರ ತಂಗಿಯ ಮೊಮ್ಮಗುವಿಗೆ ಅಂದು ನಾಮಕರಣ. ತೊಡೆಯ ಮೇಲೆ ಡಬರಿ ತುಂಬ ಕಾಯಿ ಹೋಳಿಗೆ ಇಟ್ಟುಕೊಂಡು ಅವರು ಅಲುಗಾಡದೆ ಕೂತಿದ್ದರು. ಗೋಣಿಬೀಡಿನಲ್ಲೇ ಎಡಗಡೆಯ ಮುಂದಿನ ಟೈರು ಪಂಕ್ಚರ್ ಆಯಿತು. ಪುಣ್ಯಕ್ಕೆ ಗ್ಯಾರೇಜು ಎದುರಿಗೇ ಇತ್ತು.

ಶಂಶುದ್ದೀನ್ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಮೇಷ್ಟ್ರು ಸ್ಪ್ಯಾನರ್ ಹಾಕಿ ಒಂದು ನಟ್ಟನ್ನು ಎಡಕ್ಕೆ ತಿರುಗಿಸುತ್ತಿದ್ದರು. ಅವನು ನಯವಾಗಿ ಸ್ಪ್ಯಾನರ್ ಇಸಿದುಕೊಂಡ. ಈ ಜೀಪುಗಳಿಗೆ ಎಡಗಡೆ ಚಕ್ರದಲ್ಲಿ ಉಲ್ಟಾ ಥ್ರೆಡ್ಡು ಇರುತ್ತದೆ, ಓಡುವಾಗ ನಟ್ಟು ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿದ್ದಾರೆ, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ ಎಂದು ವಿವರಿಸಿದ. ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಿಗೆ ಪಾಠ ಹೇಳಿದ ಖುಷಿ ಅವನ ಮುಖದಲ್ಲಿತ್ತು. ಬಲಕ್ಕೆ ತಿರುಗಿಸಿದೊಡನೆ ನಾಲ್ಕು ನಟ್ಟು ಸಲೀಸಾಗಿ ಬಂದವು.

ಐದನೆಯದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಶಂಶುದ್ದೀನ್ ಸೀಮೆಎಣ್ಣೆ ಬಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಬ್ರೇಕ್ ಆಯಿಲ್ ಬಿಟ್ಟ. ಸುತ್ತಿಗೆಯಲ್ಲಿ ಹಗುರವಾಗಿ ತಟ್ಟಿದ. ಅವನ ಹೆಂಡತಿ ಜೊಹರಾ ಎಲ್ಲರಿಗೂ ಚಾ ತಂದುಕೊಟ್ಟಳು. ಈಗ ಮೇಷ್ಟ್ರಿಗೆ ಹುರುಪು ಬಂತು. ಹಿಡಿ ಉದ್ದವಾದಷ್ಟೂ ಬಲ ಹೆಚ್ಚುತ್ತದೆ ಎಂದು ಅವರು ಗ್ಯಾರೇಜಿನ ಹಿಂದಿನಿಂದ ಆರು ಅಡಿಯ ನೀರಿನ ಪೈಪು ತಂದು ಸ್ಪ್ಯಾನರಿಗೆ ಸಿಕ್ಕಿಸಿದರು. ಇಬ್ಬರೂ ಸೇರಿ ಅದುಮಿದರು. ನಟ್ಟು ಕಿರ್ರೆಂದು ಅರ್ಧ ಸುತ್ತು ತಿರುಗಿತು. ಇಬ್ಬರ ಮುಖವೂ ಅರಳಿತು. ಆಮೇಲೆ ಅದು ಮೊದಲಿಗಿಂತ ಗಟ್ಟಿಯಾಗಿ ಕಚ್ಚಿಕೊಂಡಿತು.

ಹನ್ನೊಂದು ಗಂಟೆಯಾಗಿತ್ತು. ಸುಬ್ಬಲಕ್ಷ್ಮಿ ಡಬರಿ ಸಮೇತ ಇಳಿದು ಬಂದು ಚಕ್ರದ ಹತ್ತಿರ ಬಗ್ಗಿ ನೋಡಿದರು.

“ಸಾಬ್ರೇ, ನಟ್ಟು ಸಡಿಲ ಆದ್ರೆ ಬೋಲ್ಟಿನ ತುದಿ ಒಳಗೆ ಹೋಗ್ಬೇಕೋ, ಹೊರಗೆ ಬರ್ಬೇಕೋ?”

ಒಳಗೆ ಹೋಗಬೇಕು ಎಂದ ಶಂಶುದ್ದೀನ್.

“ಹಂಗಾದ್ರೆ ಇದು ಹೊರಗೆ ಬಂದಿದೆಯಲ್ಲ. ಹೊಸದಾಗಿ ಬಂದಷ್ಟು ಹೊಳೀತಿದೆ ನೋಡಿ.”

“ನೀ ಸುಮ್ನೆ ಹೋಗಿ ಕೂತ್ಕೊ ಮಾರಾಯ್ತಿ” ಎಂದರು ಮೇಷ್ಟ್ರು.

ಶಂಶುದ್ದೀನ್ ಕುಕ್ಕರುಗಾಲಲ್ಲಿ ಕೂತು ಗಡ್ಡ ಕೆರೆದುಕೊಂಡ. ತುಕ್ಕಿನ ಕೆಳಗೆ ಬೆಳ್ಳಗೆ ಒಂದು ಗೆರೆ ನಿಜವಾಗಿಯೂ ಮಿನುಗುತ್ತಿತ್ತು. ಆಮೇಲೆ ನೆಲ ನೋಡುತ್ತ ನಿಜ ಹೇಳಿದ. ಜೀಪು ಬೇರೆ ಎಸ್ಟೇಟಿನವರ ಹತ್ತಿರ ಇದ್ದಾಗ ಈ ಚಕ್ರದ ಒಂದು ಬೋಲ್ಟು ಮುರಿದಿತ್ತು. ಉಲ್ಟಾ ಥ್ರೆಡ್ಡಿನದು ಚಿಕ್ಕಮಗಳೂರಿನಲ್ಲೂ ಸಿಗದೆ ಅವನೇ ಮಾಮೂಲಿಯದೊಂದನ್ನು ಹಾಕಿ ಕಳಿಸಿದ್ದ. ಅಂದರೆ ಇಷ್ಟು ಹೊತ್ತು ಇಬ್ಬರು ಗಂಡಸರು ಬೆವರು ಸುರಿಸಿ ಅದನ್ನು ಬಿಗಿ ಮಾಡುತ್ತಿದ್ದರು.

ತಾವು ಮೊದಲೇ ಎಡಕ್ಕೆ ತಿರುಗಿಸುತ್ತಿದ್ದುದನ್ನು ಮೇಷ್ಟ್ರು ನೆನಪಿಸಿದರು. ಅದು ಬೇರೆ ನಟ್ಟು ಎಂದು ಹೆಂಡತಿ ನೆನಪಿಸಿದರು.

ಈಗ ಅದನ್ನು ಬಿಚ್ಚುವುದು ನಿಜವಾಗಿಯೂ ಕಷ್ಟವಾಗಿತ್ತು. ಶಂಶುದ್ದೀನ್ ಬ್ಲೋ ಲ್ಯಾಂಪ್ ಹಚ್ಚಿ ನಟ್ಟನ್ನು ಕೆಂಪಗೆ ಕಾಯಿಸಿದ. ಪೈಪನ್ನು ಎಡಗಡೆಗೆ ತಿರುಗಿಸಿ ಇಬ್ಬರೂ ಜೋತುಬಿದ್ದರು. ಜಗ್ಗಲಿಲ್ಲ. ಸುಬ್ಬಲಕ್ಷ್ಮಿ ಡಬರಿಯನ್ನು ಜೊಹರಾಳ ಕೈಗೆ ಕೊಟ್ಟು, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೈಪಿನ ತುದಿಯ ಮೇಲೆ ಕೂತೇಬಿಟ್ಟರು. ಟಣ್ ಎಂದು ಸದ್ದಾಯಿತು. ಮೂವರೂ ನೆಲಕ್ಕೆ ಬಿದ್ದರು, ಮೇಷ್ಟ್ರು ಎಲ್ಲರ ಕೆಳಗೆ. ಬೋಲ್ಟು ಮುರಿದಿರಲಿಲ್ಲ. ನಟ್ಟು ಸಡಿಲವಾಗಿತ್ತು.

ಜೊಹರಾ ನಗು ತಡೆಯಲಾರದೆ ಡಬರಿ ಹಿಡಿದುಕೊಂಡೇ ಒಳಗೆ ಓಡಿದಳು.

ಕಳಸ ಮುಟ್ಟಿದಾಗ ಎರಡೂವರೆ. ಮಗುವಿಗೆ ಹೆಸರಿಟ್ಟಾಗಿತ್ತು, ಮಗು ನಿದ್ದೆ ಮಾಡುತ್ತಿತ್ತು. ಸೀರೆಗೆ ಹತ್ತಿದ ಮಸಿಯ ಬಗ್ಗೆ ತಂಗಿ ಕೇಳಿದ್ದೇ ತಡ, ಸುಬ್ಬಲಕ್ಷ್ಮಿ ಊಟದ ಪಂಕ್ತಿಗೆಲ್ಲ ಕೇಳುವಂತೆ ಕಥೆ ಹೇಳಿದರು. ಮೇಷ್ಟ್ರು ತಲೆ ಎತ್ತದೆ ಸಾರನ್ನ ಕಲಸಿದರು.

ವಾಪಸು ಬರುವಾಗ ಸುಬ್ಬಲಕ್ಷ್ಮಿ, ತಾನೂ ಜೀಪು ಓಡಿಸಲು ಕಲಿಯುತ್ತೇನೆ ಎಂದರು. ಮೇಷ್ಟ್ರು ನಕ್ಕರು. ಗ್ಯಾರೇಜಿನ ಮುಂದೆ ಜೀಪು ನಿಲ್ಲಿಸಿ ಇದನ್ನೇ ಹೇಳಿದಾಗ ಶಂಶುದ್ದೀನ್ ನಗಲಿಲ್ಲ, ಮುಂದಿನ ಭಾನುವಾರದಿಂದ ಅವನೇ ಕಲಿಸಿದ. ಮೊದಲ ದಿನವೇ ಅವರು ತೋಟದ ಒಂದು ಸಿಲ್ವರ್ ಓಕ್ ಮರಕ್ಕೆ ಗುದ್ದಿದರು. ಆದರೆ ಯುಗಾದಿಗೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂಡಿಗೆರೆ ಸಂತೆಗೆ ಹೋಗಿಬಂದರು. ದಾರಿಯುದ್ದಕ್ಕೂ ಮೇಷ್ಟ್ರು ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಂತೆ.