ಹಸನಬ್ಬನ ಕರೆಂಟು ಸೈಕಲ್ಲೂ ಮನೆಯೊಳಗಿನ ವಾಸನೆಯೂ

ಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಯಾರೂ ಸೈಕಲ್ಲನ್ನು ಬೈಯುವುದಿಲ್ಲ. ಕತಾರಿನ ದೋಹಾ ಅಲ್ ಜದೀದಾ ಬಡಾವಣೆಯ ಹಸನಬ್ಬನೂ ಬೈಯಲಿಲ್ಲ. ಅವನು ಮೊಟ್ಟೆಯನ್ನೇ ಬೈದ. ಅವನದು ದಿನಸಿ ಅಂಗಡಿ, ಮನೆಗೆ ವಾರಕ್ಕೊಂದು ಟ್ರೇ ಮೊಟ್ಟೆ ಅಲ್ಲಿಂದಲೇ ಬರುತ್ತಿತ್ತು.

ಹೆಂಡತಿ ಆಸಿಯಾ ಒಂದೊಂದೇ ಮೊಟ್ಟೆಯನ್ನು ನೀರಿಗೆ ಹಾಕಿ ನೋಡಿದಳು. ಎಲ್ಲವೂ ಸರಿಯಾಗಿ ಮುಳುಗಿದವು. ಆದರೂ ಮೂರು ಟ್ರೇ ಎಸೆದದ್ದಾಯಿತು. ಮೊಟ್ಟೆ ತರುವ ಅಬ್ದುಲ್ಲಾನಿಗೆ ಹಸನಬ್ಬ ಅಂಗಡಿಯ ಬಾಗಿಲಲ್ಲೇ “ನಿನ್ನ ಮೊಟ್ಟೆ ಮಾಫಿ, ಖಲಾಸ್!” ಎಂದು, ಬೇಡ, ಮುಗಿಯಿತು ಎಂಬುದನ್ನು ಅರಬ್ಬಿಯಲ್ಲೇ ಹೇಳಿ, ಕೈಯಾಡಿಸಿ ಕಳಿಸಿದ. ಮೊಟ್ಟೆ ಬರುವುದು ನಿಂತಿತು, ವಾಸನೆ ನಿಲ್ಲಲಿಲ್ಲ.

ಎದುರು ಮನೆಯ ವೇದಾ ಮೈಸೂರಿನವರು. “ಡ್ರೈನೇಜ್ ಇರ್ಬೇಕು ಕಣ್ರೀ, ಬಾತ್‌ರೂಮಿಗೆ ಒಂದ್ ಬಕೆಟ್ ಬ್ಲೀಚ್ ಸುರೀರಿ” ಎಂದರು. ಸುರಿದರು. ಈಗ ಬ್ಲೀಚಿನ ವಾಸನೆಯೂ ಸೇರಿಕೊಂಡಿತು. ಎಸಿಯ ಜಾಲರಿ ತೊಳೆದರು, ಫ್ರಿಜ್ಜಿನ ಹಿಂದೆ ಇಲಿ ಸತ್ತಿದೆಯೇ ಎಂದು ನೋಡಿದರು. ಏನೂ ಇಲ್ಲ. ಬೆಳಗ್ಗೆ ಮನೆ ಚೊಕ್ಕವಾಗಿರುತ್ತಿತ್ತು. ಮಧ್ಯಾಹ್ನ ವಾಸನೆ ಎಲ್ಲಿಂದಲೋ ಬರುತ್ತಿತ್ತು, ಸಂಜೆ ಹೇಳದೆ ಕೇಳದೆ ಹೋಗುತ್ತಿತ್ತು. ಹಸನಬ್ಬನ ತಲೆ ಕೆಟ್ಟುಹೋಯಿತು.

ಬರೀ ವಾಸನೆಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನಾಲ್ಕು ವರ್ಷದ ಮಗಳು ಶಹನಾ ದಿನಾ ಮಧ್ಯಾಹ್ನ ಕೆಮ್ಮತೊಡಗಿದಳು. ಕಣ್ಣು ಕೆಂಪಾಗುತ್ತಿತ್ತು, ತಲೆನೋವೆಂದು ಅಳುತ್ತಿದ್ದಳು. ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಹಸನಬ್ಬ ಮೂರು ವರ್ಷ ಕಾದಿದ್ದ. ಅವರು ಬಂದು ಆರು ತಿಂಗಳೂ ಆಗಿರಲಿಲ್ಲ.

“ಈ ಊರಿನ ಗಾಳಿ ಮಗುವಿಗೆ ಆಗುದಿಲ್ಲ. ನೀವು ಟಿಕೆಟ್ ಮಾಡಿ, ನಾವು ಉಳ್ಳಾಲಕ್ಕೆ ಹೋಗ್ತೇವೆ” ಎಂದಳು ಆಸಿಯಾ. ಅಟ್ಟದ ಮೇಲಿದ್ದ ಸೂಟ್‌ಕೇಸು ಕೆಳಗಿಳಿಯಿತು. ಅದನ್ನು ನೋಡಿದಾಗಲೆಲ್ಲ ಹಸನಬ್ಬನಿಗೆ ಅಳು ಬರುತ್ತಿತ್ತು.

ಈಗ ಸೈಕಲ್ಲಿನ ವಿಷಯ. ಊರಿಗೆ ಮರಳಿದ ಅಮೆರಿಕದ ಎಂಜಿನಿಯರೊಬ್ಬ ಬಿಟ್ಟುಹೋದ ಕ್ರೂಸರ್ ಸೈಕಲ್ಲು ಅದು. ದಪ್ಪ ಟೈರು, ಅಗಲವಾದ ಹ್ಯಾಂಡಲ್ಲು, ಕುರ್ಚಿಯಷ್ಟು ದೊಡ್ಡ ಸೀಟು. ಮನೆಮನೆಗೆ ನೀರಿನ ಬಾಟಲಿ, ಖುಬ್ಬೂಸು ರೊಟ್ಟಿ ಮುಟ್ಟಿಸಿ ಹಸನಬ್ಬನ ಮೊಣಕಾಲು ಹಿಡಿದುಹೋಗಿತ್ತು. ಗ್ಯಾರೇಜಿನಲ್ಲಿ ಕಾರುಗಳ ವಯರಿಂಗ್ ಮಾಡುವ ಮಂಗಳೂರಿನ ಗೆಳೆಯ ರೊನಾಲ್ಡ್‌ಗೆ ಕನಿಕರ ಬಂತು. ಗುಜರಿ ಕಾರಿನ ಫ್ಯಾನಿನ ಮೋಟಾರನ್ನು ಹಿಂದಿನ ಚಕ್ರಕ್ಕೆ ಒತ್ತಿ ಕೂರಿಸಿದ, ಕ್ಯಾರಿಯರಿನ ಮೇಲೆ ಹಳೇ ಕಾರು ಬ್ಯಾಟರಿ ಇಟ್ಟ, ಹ್ಯಾಂಡಲ್ಲಿಗೊಂದು ಸ್ವಿಚ್ಚು ಕೊಟ್ಟ. ಎಲ್ಲವೂ ಹಸನಬ್ಬನ ಮನೆಯ ಮುಂದೆಯೇ, ಎರಡು ಶುಕ್ರವಾರಗಳಲ್ಲಿ. ಸ್ವಿಚ್ಚು ಒತ್ತಿದರೆ ಸೈಕಲ್ಲು ಗುಂಯ್ ಎಂದು ತಾನೇ ಓಡುತ್ತಿತ್ತು. ಬೀದಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು.

ಕರಾವಳಿಯ ರೂಢಿಯಂತೆ ರೊನಾಲ್ಡ್ ಈ ಮುಸ್ಲಿಂ ಗೆಳೆಯನನ್ನು ಬ್ಯಾರಿ ಎಂದೂ, ಹಸನಬ್ಬ ಆ ಕ್ರೈಸ್ತ ಗೆಳೆಯನನ್ನು ಪೊರ್ಬು ಎಂದೂ ಕರೆಯುವುದು. ಕೈ ಒರೆಸಿಕೊಳ್ಳುತ್ತ ರೊನಾಲ್ಡ್ ಹೇಳಿದ್ದ, “ಬ್ಯಾರಿಗಳೇ, ಬ್ಯಾಟರಿಯನ್ನು ಬಿಸಿಲಲ್ಲಿ ಮಾತ್ರ ಇಡ್ಬೇಡಿ. ಈ ಸೆಕೆಗೆ ಹಾಳಾಗ್ತದೆ.”

ಹಸನಬ್ಬ ಆ ಮಾತನ್ನು ಅಕ್ಷರಶಃ ಪಾಲಿಸಿದ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದವನು ಬ್ಯಾಟರಿಯನ್ನು ಬಿಚ್ಚಿ ಒಳಗೆ ತರುತ್ತಿದ್ದ. ಮನೆಯಲ್ಲಿ ತಂಪಾದ ಜಾಗವೆಂದರೆ ಎಸಿ ಇದ್ದ ಒಂದೇ ಕೋಣೆ. ಧೂಳು ಬಾರದಂತೆ ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿತ್ತು. ಅಲ್ಲಿ ಮಂಚದ ಕೆಳಗೆ ಬ್ಯಾಟರಿ ಇಟ್ಟು ಚಾರ್ಜಿಗೆ ಹಾಕಿ, ಮಗು ಮುಟ್ಟಬಾರದೆಂದು ಹಾಸಿಗೆಯ ಚಾದರವನ್ನು ನೆಲದವರೆಗೆ ಇಳಿಬಿಡುತ್ತಿದ್ದ. ಸಂಜೆ ಬ್ಯಾಟರಿಯನ್ನು ಮತ್ತೆ ಸೈಕಲ್ಲಿಗೆ ಕಟ್ಟಿ ಅಂಗಡಿಗೆ ಹೊರಡುತ್ತಿದ್ದ. ಆ ಮಂಚದ ಮೇಲೆಯೇ ಶಹನಾ ಮಲಗುತ್ತಿದ್ದಳು. ಶುಕ್ರವಾರ ಸೈಕಲ್ಲಿಗೆ ರಜೆ, ಚಾರ್ಜಿಗೆ ರಜೆಯಿಲ್ಲ. ಹೆಚ್ಚು ತುಂಬಿಸಿದಷ್ಟು ಹೆಚ್ಚು ಓಡುತ್ತದೆ ಎಂಬುದು ಅವನ ಲೆಕ್ಕ.

ಅಂಥದೇ ಒಂದು ಶುಕ್ರವಾರ ರೊನಾಲ್ಡ್ ಊಟಕ್ಕೆ ಬರುವವನಿದ್ದ. ಅತಿಥಿಯ ಎದುರು ಮನೆ ನಾರುತ್ತಿದೆಯಲ್ಲ ಎಂದು ಆಸಿಯಾಗೆ ನಾಚಿಕೆ. ಇಲ್ಲಿನವರಂತೆ ಅವಳೂ ಬಟ್ಟಲಲ್ಲಿ ಕೆಂಡ ಹಾಕಿ, ಮೇಲೆ ಬಖೂರು ಎಂಬ ಸುಗಂಧದ ಚೂರಿಟ್ಟು ಹೊಗೆ ಎಬ್ಬಿಸಿದಳು. ಮಂಚದ ಸುತ್ತಲೇ ವಾಸನೆ ಜಾಸ್ತಿ. ಹಾಗಾಗಿ ಬಟ್ಟಲು ಹಿಡಿದು ಆ ಕಡೆಗೇ ಹೊರಟಳು. ಮಂಚದ ಮೇಲೆ ಶಹನಾ ತಲೆನೋವೆಂದು ಮುದುಡಿಕೊಂಡಿದ್ದಳು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ರೊನಾಲ್ಡ್ ಮೂಗರಳಿಸಿದ. ಚಾದರದ ಕೆಳಗಿನಿಂದ ಬಂದ ವಯರು ಅವನ ಕಣ್ಣಿಗೆ ಬಿತ್ತು.

“ಆಸಿಯಾ, ನಿಲ್ಲಿ! ಕೆಂಡ ಹೊರಗೆ ತನ್ನಿ, ಹೊರಗೆ!”

ಅವಳು ಗಾಬರಿಯಿಂದ ಬಟ್ಟಲನ್ನು ಅಂಗಳಕ್ಕೆ ಒಯ್ದಳು. ರೊನಾಲ್ಡ್ ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟ. ಹಸನಬ್ಬ ಮಂಚದ ಕೆಳಗೆ ಬಗ್ಗಿ ವಯರು ಎಳೆಯಹೋದಾಗ ಅವನ ಕಾಲರು ಹಿಡಿದು ಹಿಂದಕ್ಕೆಳೆದ.

“ಮುಟ್ಬೇಡಿ ಮಾರಾಯ್ರೇ! ಕ್ಲಿಪ್ ಎಳೆದ್ರೆ ಕಿಡಿ ಹಾರ್ತದೆ.”

ರೊನಾಲ್ಡ್ ಹೊರಗಿನ ಬೋರ್ಡಿನಲ್ಲಿದ್ದ ಮೇನ್ ಸ್ವಿಚ್ಚು ಆರಿಸಿದ. ಬಾಗಿಲು ತೆರೆದಿಟ್ಟ, ಕಿಟಕಿಯ ಟೇಪು ಹರಿದ. ಎಲ್ಲರೂ ಅಂಗಳದಲ್ಲಿ ನಿಂತರು. ಒಳಗೆ ಊಟ ಆರುತ್ತಿತ್ತು. ಹಸನಬ್ಬನಿಗೆ ಒಂದೂ ತಲೆಗೆ ಹೋಗಲಿಲ್ಲ.

“ಎಂತ ಆಯ್ತು ಪೊರ್ಬುಗಳೇ? ಬ್ಯಾಟರಿಗೂ ಕೆಂಡಕ್ಕೂ ಎಂತ ಸಂಬಂಧ?”

“ಚಾರ್ಜಿಗೆ ಹಾಕಿದ ಬ್ಯಾಟರಿಯಿಂದ ಗ್ಯಾಸ್ ಬರ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡ್ರೆ ಒಂದು ಕಿಡಿ ಸಾಕು. ಬ್ಯಾಟರಿ ಒಡೆದು ಆಸಿಡ್ ಮುಖಕ್ಕೆ ಹಾರ್ತದೆ.”

“ವಾಸನೆ ಇಲ್ವಾ? ಮತ್ತೆ ಈ ಮೊಟ್ಟೆ ವಾಸನೆ?”

“ಅದು ಬೇರೆ. ಹಳೇ ಬ್ಯಾಟರಿಗೆ ಅತಿಯಾಗಿ ಚಾರ್ಜ್ ಕೊಟ್ರೆ ಒಳಗೇ ಕುದೀತದೆ. ಆಗ ಬರುವುದು ವಿಷದ ಗಾಳಿ. ಮಗುವಿನ ಕೆಮ್ಮು ಅದರಿಂದಲೇ ಇರ್ಬೇಕು. ಇವತ್ತೇ ಡಾಕ್ಟರಿಗೆ ತೋರಿಸುವಾ.”

ಹಸನಬ್ಬನ ಕಣ್ಣು ತುಂಬಿತು. ಕೋಪವೂ ಬಂತು. “ನೀವೇ ಅಲ್ವಾ ಬಿಸಿಲಲ್ಲಿ ಇಡ್ಬೇಡಿ ಅಂದದ್ದು? ತಂಪು ಜಾಗ ನನ್ನ ಹತ್ರ ಬೇರೆ ಎಲ್ಲಿ ಉಂಟು?”

ರೊನಾಲ್ಡ್ ಶಹನಾಳ ತಲೆ ಸವರಿದ. “ಎಲ್ಲಿ ಇಡಬಾರದು ಅಂತ ಹೇಳಿದೆ, ಎಲ್ಲಿ ಇಡಬೇಕು ಅಂತ ಹೇಳ್ಲಿಲ್ಲ. ಅರ್ಧ ಹೇಳಿದ್ದು ನನ್ನ ತಪ್ಪು.”

“ನಾನು ಕೇಳ್ಲೂ ಇಲ್ಲ” ಎಂದ ಹಸನಬ್ಬ.

“ಈ ಸೈಕಲ್ಲೇ ನಮಗೆ ಬೇಡ” ಎಂದಳು ಆಸಿಯಾ, ಮಗುವನ್ನು ಎದೆಗೊತ್ತಿಕೊಂಡು.

“ಸೈಕಲ್ಲು ಎಂತ ಮಾಡಿತು ಆಸಿಯಾ? ಬ್ಯಾಟರಿ ಇಡುವ ಜಾಗ ಬದಲಿಸಿದ್ರೆ ಆಯ್ತು.”

ಗಾಳಿಯಾಡಿ, ಬ್ಯಾಟರಿ ತಣ್ಣಗಾದ ಮೇಲೆ ರೊನಾಲ್ಡ್ ಕೈಗವಸು ಹಾಕಿ ಅದನ್ನು ಹೊರಗೆ ತಂದ. ಅದರ ಹೊಟ್ಟೆ ಉಬ್ಬಿತ್ತು. ಅದು ಗುಜರಿಗೆ ಹೋಯಿತು, ಹೊಸದು ಬಂತು. ಅಂಗಡಿಯ ಹಿಂದೆ, ನಾಲ್ಕೂ ಕಡೆ ಗಾಳಿಯಾಡುವ ನೆರಳಿನ ಮಾಡಿನ ಕೆಳಗೆ ಅದಕ್ಕೆ ಜಾಗವಾಯಿತು. ತುಂಬಿದ ಕೂಡಲೇ ಹಸನಬ್ಬ ಮೊದಲು ಸ್ವಿಚ್ಚು ಆರಿಸುತ್ತಾನೆ, ಆಮೇಲೆ ಕ್ಲಿಪ್ಪು ತೆಗೆಯುತ್ತಾನೆ.

ಡಾಕ್ಟರು ಔಷಧಿ ಕೊಟ್ಟರು. ವಾರದೊಳಗೆ ಶಹನಾಳ ಕೆಮ್ಮು ನಿಂತಿತು. ಸೂಟ್‌ಕೇಸನ್ನು ಆಸಿಯಾ ತಾನೇ ಮೇಲಿಟ್ಟಳು. ಹಸನಬ್ಬ ಕರೆಂಟು ಸೈಕಲ್ಲಿನಲ್ಲಿ ಹೋಗಿ ಅಬ್ದುಲ್ಲಾನ ಕ್ಷಮೆ ಕೇಳಿದ. ಬ್ಯಾಟರಿಯ ಕಥೆಯನ್ನೆಲ್ಲ ಕೇಳಿದ ಅಬ್ದುಲ್ಲಾ ಬಹಳ ಯೋಚಿಸಿ, “ಸರಿ, ಆದರೆ ನನ್ನ ಮೊಟ್ಟೆಗಳನ್ನು ಯಾಕೆ ಎಸೆದೆ?” ಎಂದ. ಹಸನಬ್ಬ ಮೂರು ಟ್ರೇ ಹೆಚ್ಚಿಗೆ ತರಲು ಹೇಳಿ ಸೈಕಲ್ಲಿನ ಸ್ವಿಚ್ಚು ಒತ್ತಿದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹಳೇ ಸೈಕಲ್ಲಿಗೆ ಮೋಟಾರು ಕೂರಿಸಿ, ಬೇಡ ಎನ್ನುವವರು ಯಾರು? ಆದರೆ ಬ್ಯಾಟರಿಯನ್ನು ಮಲಗುವ ಕೋಣೆಗೆ ತರಬೇಡಿ. ನೆರಳಿರಲಿ, ಗಾಳಿಯೂ ಇರಲಿ. ಬೆಂಕಿ, ಬೀಡಿ, ಬಖೂರು ಹತ್ತಿರ ಸುಳಿಯದಿರಲಿ. ತಿಳಿದವರು ಒಂದು ಮಾತು ಹೇಳಿದರೆ ಉಳಿದ ಅರ್ಧವನ್ನೂ ಕೇಳಿ ತಿಳಿದುಕೊಳ್ಳಿ. ಈಗ ಈ ಕಾಗದವನ್ನು ಕೆಳಗಿಟ್ಟು, ಎದ್ದುಹೋಗಿ, ನಿಮ್ಮ ಮಗು ಮಲಗುವ ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡಿ.