ಕನ್ನಡಕದ ಡಬ್ಬಿ ಗೆರೆ ದಾಟಿದಾಗ

ಪೋಕರ್ ಎಂಬ ಇಸ್ಪೀಟಾಟದಲ್ಲಿ ಆಲ್-ಇನ್ ಎಂದರೆ ಮುಂದಿರುವ ಬಿಲ್ಲೆಗಳನ್ನೆಲ್ಲ ಒಂದೇ ಸಲ ಪಣಕ್ಕಿಡುವುದು. ಸೋತರೆ ಎದ್ದು ಮನೆಗೆ ಹೋಗುವುದು. ಇಷ್ಟು ಸರಳವಾದ ವಿಷಯಕ್ಕೆ ಬೆಳೆದವರು ಎಷ್ಟು ಬಗೆಯಲ್ಲಿ ಕಿತ್ತಾಡಬಲ್ಲರು ಎಂಬುದನ್ನು ನೋಡಬೇಕಾದರೆ ನನ್ನ ಕೆಲಸಕ್ಕೆ ಬರಬೇಕು. ಪೋಕರ್ ಪಂದ್ಯಾವಳಿಯಲ್ಲಿ ನಾನು ತೀರ್ಪುಗಾರ. ಯಾವ ಮೇಜಿನಲ್ಲಿ ತಕರಾರು ಎದ್ದರೂ ಎಲೆ ಹಂಚುವವರು ಕೈಯೆತ್ತಿ "ಫ್ಲೋರ್!" ಎಂದು ಕೂಗುತ್ತಾರೆ. ಫ್ಲೋರ್ ಅಂದರೆ ನಾನೇ. ಹೆಸರಿಗೆ ತಕ್ಕಂತೆ ಎಲ್ಲರೂ ತುಳಿಯುತ್ತಾರೆ.

ಆ ಭಾನುವಾರ ಮಧ್ಯಾಹ್ನದ ಹೊತ್ತಿಗೇ ನನಗೆ ಸಾಕುಸಾಕಾಗಿತ್ತು. ಒಬ್ಬ ತನ್ನ ದೊಡ್ಡ ಬಿಲ್ಲೆಯನ್ನು ಸಣ್ಣವುಗಳ ಹಿಂದೆ ಅಡಗಿಸಿಟ್ಟು ರಾಮಾಯಣ ಮಾಡಿದ್ದ. ಇನ್ನೊಬ್ಬಳು ತನ್ನ ಸರದಿ ಬರುವ ಮೊದಲೇ ಆಲ್-ಇನ್ ಎಂದು, ಆಮೇಲೆ ತಮಾಷೆಗೆ ಅಂದೆ ಎಂದಿದ್ದಳು. ಕಾಲುಗಳು ಊದಿಕೊಂಡಿದ್ದವು. ಎರಡು ಸಲ ತರಿಸಿದ ಚಹಾ ಎರಡು ಸಲವೂ ಆರಿಹೋಗಿತ್ತು. ಆಗ ಕಿಟಕಿ ಪಕ್ಕದ ಮೇಜಿನಿಂದ ಕೂಗು ಬಂತು. ಅದು ಚಿಕ್ಕಪ್ಪ ಕೂತಿದ್ದ ಮೇಜು.

ಈ ಕೆಲಸ ಮೊದಲು ಚಿಕ್ಕಪ್ಪನದೇ. ನನಗೆ ಕೈಹಿಡಿದು ಕಲಿಸಿದವರೂ ಅವರೇ. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಯಿತು, ದನಿಯ ಹಿಂದೆ ಕೆಲಸವೂ ಹೋಯಿತು. ಮನೆಯಲ್ಲಿ ಅವರು ಸನ್ನೆ ಶುರುಮಾಡುವಷ್ಟರಲ್ಲಿ "ನೀರು ಬೇಕಾ? ಫ್ಯಾನ್ ಹಾಕ್ಲಾ?" ಎಂದು ನಾವೇ ಅವರ ಮಾತು ಮುಗಿಸಿಬಿಡುತ್ತೇವೆ. ಪೋಕರ್ ಮೇಜಿನಲ್ಲಿ ಮಾತ್ರ ಅವರ ಸರದಿ ಬಂದಾಗ ಎಂಟು ಜನ ಬಾಯಿ ಮುಚ್ಚಿಕೊಂಡು ಕಾಯುತ್ತಾರೆ. ತಿಂಗಳಿಗೊಮ್ಮೆ ನಡೆಯುವ ಈ ಪಂದ್ಯಕ್ಕೆ ಅವರು ಬೆಳಿಗ್ಗೆಯೇ ಶರ್ಟು ಇಸ್ತ್ರಿ ಮಾಡಿಕೊಂಡು ಕೂತಿರುತ್ತಾರೆಂದು ಚಿಕ್ಕಮ್ಮ ನಗುತ್ತಾರೆ.

ಆಲ್-ಇನ್ ಎಂದು ಬಾಯಲ್ಲಿ ಹೇಳಲಾರದ ಅವರಿಗಾಗಿ ನಾನೊಂದು ಏರ್ಪಾಡು ಮಾಡಿದ್ದೆ. ಅವರ ಕನ್ನಡಕದ ಡಬ್ಬಿ ಸದಾ ಅವರ ಎಲೆಗಳ ಮೇಲೆ ಕೂತಿರುತ್ತದೆ. ಅದನ್ನು ಮೇಜಿನ ಬಿಳಿ ಗೆರೆಯಾಚೆ ಇಟ್ಟರೆ ಆಲ್-ಇನ್. ಆಟ ಶುರುವಾಗುವ ಮುಂಚೆ ಎಲ್ಲರಿಗೂ ಇದನ್ನು ಹೇಳಿದ್ದೆ.

ಹೋಗಿ ನೋಡಿದರೆ ಡಬ್ಬಿ ಗೆರೆಯಾಚೆ ಬಾಯಿ ತೆರೆದುಕೊಂಡು ಕೂತಿತ್ತು. ಎದುರಿಗಿದ್ದ ಔಷಧಿ ಅಂಗಡಿಯವನು "ಕಾಲ್" ಎಂದು ಪಂದ್ಯಕ್ಕೆ ಒಪ್ಪಿ, ತನ್ನ ಎರಡು ರಾಜರನ್ನೂ ತೆರೆದಿಟ್ಟಿದ್ದ. ಚಿಕ್ಕಪ್ಪನ ಕೈಯಲ್ಲಿ ಕನ್ನಡಕ, ಇನ್ನೊಂದು ಕೈಯಲ್ಲಿ ಅದನ್ನು ಒರೆಸುವ ಬಟ್ಟೆ.

"ಡಬ್ಬಿ ದಾಟ್ತು ಸಾರ್, ಅದಕ್ಕೇ ಕಾಲ್ ಅಂದೆ," ಎಂದ ಅಂಗಡಿಯವನು. "ನನ್ನ ಎಲೆ ಎಲ್ಲರೂ ನೋಡಾಯ್ತು. ಈಗ ಇಲ್ಲ ಅಂದ್ರೆ ನನ್ನ ಗತಿ?"

ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಮೂಲೆಯಿಂದ ಯಾರೋ, "ಇವ್ರ ಚಿಕ್ಕಪ್ಪ ತಾನೇ, ಬಿಟ್ಬಿಡ್ತಾರೆ, ನೋಡ್ತಾ ಇರಿ," ಎಂದರು. ನನ್ನ ಕಿವಿ ಬಿಸಿಯಾಯಿತು.

"ಡಬ್ಬಿ ಗೆರೆ ದಾಟಿದೆ," ಎಂದೆ, ಆ ಮೂಲೆಗೂ ಕೇಳುವಂತೆ. "ಆಲ್-ಇನ್. ಎಲೆ ತಿರುಗಿಸಿ."

ಚಿಕ್ಕಪ್ಪ ಬಟ್ಟೆ ಹಿಡಿದ ಕೈಯನ್ನು ಎತ್ತಿದರು. ಅಷ್ಟರಲ್ಲಿ ನಾನು ಎಲೆ ಹಂಚುವಾಕೆಯ ಕಡೆ ತಿರುಗಿಯಾಗಿತ್ತು.

ಅವರ ಎಲೆಗಳು ಏಳು ಮತ್ತು ಎರಡು, ಬೇರೆ ಬೇರೆ ಬಣ್ಣ. ಪೋಕರ್‌ನಲ್ಲಿ ಅದಕ್ಕಿಂತ ದರಿದ್ರ ಕೈ ಇಲ್ಲ. ಅದನ್ನು ಬಿಸಾಡುವ ಮುನ್ನ ಕಣ್ಣಿಗೆ ಸರಿಯಾಗಿ ಕಂಡಿತೇ ಎಂದು ಕನ್ನಡಕ ಒರೆಸಲು ಡಬ್ಬಿಯಿಂದ ಬಟ್ಟೆ ತೆಗೆದು ಅದನ್ನು ಅತ್ತ ಇಟ್ಟಿದ್ದರು, ಅಷ್ಟೆ. ಇಬ್ಬರಿಗೂ ಸೇರುವ ಐದು ಎಲೆಗಳು ಮೇಜಿನ ನಡುವೆ ಬಿದ್ದವು. ರಾಜರೇ ಗೆದ್ದರು. ಚಿಕ್ಕಪ್ಪನ ಬಿಲ್ಲೆಗಳೆಲ್ಲ ಆ ಕಡೆ ಹೋದವು.

ಅಂಗಡಿಯವನು ಅವನ್ನು ಜೋಡಿಸಿಕೊಳ್ಳಲಿಲ್ಲ. ಮೆಲ್ಲಗೆ ನನ್ನನ್ನು ಕೇಳಿದ: "ಬೇರೆಯವರಾಗಿದ್ರೆ ಒಂದು ಮಾತು ಕೇಳ್ತಿದ್ರಿ ಅಲ್ವಾ ಸಾರ್? ಯಾಕೆ ಇಟ್ರಿ ಅಂತ?"

ಕೇಳುತ್ತಿದ್ದೆ. ಬೆಳಿಗ್ಗೆಯಿಂದ ಎಲ್ಲರನ್ನೂ ಕೇಳಿದ್ದೆ, ತಮಾಷೆಗೆ ಅಂದೆ ಎಂದವಳನ್ನೂ ಕೂಡ. ಕೇಳಿದ ಮೇಲೂ ಬಹುಶಃ ಇದೇ ತೀರ್ಪು ಕೊಡುತ್ತಿದ್ದೆನೇನೋ. ಆದರೆ ಚಿಕ್ಕಪ್ಪನನ್ನು ಮಾತ್ರ ಕೇಳಲಿಲ್ಲ. ನಿಯಮಕ್ಕೆ ಹೆದರಿ ಅಲ್ಲ, ಆ ಮೂಲೆಯವನಿಗೆ ಹೆದರಿ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಎದ್ದು ಹೊರಟಿದ್ದ ಚಿಕ್ಕಪ್ಪನನ್ನು ಮೆಟ್ಟಿಲ ಬಳಿ ಹಿಡಿದೆ. ಇಸ್ತ್ರಿ ಮಾಡಿದ ಶರ್ಟಿನ ಜೇಬಿಗೆ ಡಬ್ಬಿ ತುರುಕಿಕೊಳ್ಳುತ್ತಿದ್ದರು.

"ಚಿಕ್ಕಪ್ಪ, ತಪ್ಪು ತಿಳ್ಕೋಬೇಡಿ. ನನ್ನ ಜಾಗದಲ್ಲಿ ನೀವಿದ್ರೂ ಇದನ್ನೇ ಹೇಳ್ತಿದ್ರಿ. ಹೌದಲ್ವಾ? ಮನೇಲಿ ಮಾತಾಡೋಣ, ಆಯ್ತಾ?"

ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಅದು ಹೊಳೆದು ಬಾಯಿ ಮುಚ್ಚಿದೆ. ಅವರು ನನ್ನನ್ನೇ ನೋಡುತ್ತ ನಿಂತರು. ಆಮೇಲೆ ನಿಧಾನವಾಗಿ ಎರಡೂ ಕೈ ಎತ್ತಿ ಏನನ್ನೋ ಹೇಳಲು ಶುರುಮಾಡಿದರು. ಈ ಸಲ ನಾನು ಕಾದೆ.

ಒಳಗಿನಿಂದ ಕೂಗು ಬಂತು. "ಫ್ಲೋರ್!"

ಅವರ ಕೈಗಳು ಅಲ್ಲೇ ನಿಂತವು. ಇನ್ನೊಮ್ಮೆ, ಇನ್ನೂ ಜೋರಾಗಿ, "ಫ್ಲೋರ್!"

ಚಿಕ್ಕಪ್ಪ ಕೈ ಇಳಿಸಿದರು. ಹೋಗು, ಕೆಲಸ ನೋಡು ಎಂದು ತಲೆಯಾಡಿಸಿ ಮೆಟ್ಟಿಲಿಳಿದರು. ಅವರು ಹೇಳಲು ಹೊರಟಿದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.